ಎರಡು ತಿಂಗಳು ಸಮುದ್ರದ ತಳದ ಬಗ್ಗೆ ಓದಿದೆ, ಕೊನೆಗೆ ಅಜ್ಜಿ ಮನೆ ಹಂಚಿಗೆ ಬಂದು ನಿಂತೆ

ಹಂಚಿನಮನೆ

ಎಲ್ಲರಿಗೂ ನಮಸ್ಕಾರ. ನಾನು ಬಿಎ ಎರಡನೇ ವರ್ಷ ಮುಗಿಸಿದ್ದೇನೆ. ಇತಿಹಾಸ ನನ್ನ ವಿಷಯ. ಪರೀಕ್ಷೆ ಮುಗಿದ ಮಾರನೇ ದಿನವೇ ಕುಂದಾಪುರದ ಹತ್ತಿರ ಇರುವ ಅಜ್ಜಿ ಮನೆಗೆ ಬಂದೆ. ಈ ರಜೆಯಲ್ಲಿ ಒಂದೇ ವಿಷಯ ಹಿಡಿಯಬೇಕು, ಅರ್ಧಕ್ಕೆ ಬಿಡಬಾರದು ಎಂದು ಮೊದಲೇ ಅಂದುಕೊಂಡಿದ್ದೆ. ಹಿಡಿದದ್ದು ನೀರೊಳಗಿನ ಪುರಾತತ್ವ. ಮನೆಯಲ್ಲಿ ಯಾರಿಗೆ ಹೇಳಿದರೂ "ಚಿನ್ನ ಸಿಗುತ್ತದಾ?" ಎಂದು ಕೇಳುತ್ತಾರೆ. ಹೇಳಿಕೊಳ್ಳಲು ಯಾರೂ ಇಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಾನೂ ಶುರು ಮಾಡಿದ್ದು ಚಿನ್ನದಿಂದಲೇ. ಮೊದಲ ಎರಡು ವಾರ ಮುಳುಗಿದ ನಗರ, ನಿಧಿ, ಶಾಪ ಅಂತ ವಿಡಿಯೊ ನೋಡಿದ್ದೇ ನೋಡಿದ್ದು. ಆಮೇಲೆ ಅಮೆರಿಕದ ಪುರಾತತ್ವಜ್ಞ ಜಾರ್ಜ್ ಬಾಸ್ ಬಗ್ಗೆ ಓದಿದೆ. ಅಲ್ಲಿಂದ ಎಲ್ಲ ಬದಲಾಯಿತು. 1960ರಲ್ಲಿ ಟರ್ಕಿಯ ಗೆಲಿಡೋನ್ಯಾ ಭೂಶಿರದ ಹತ್ತಿರ ಸುಮಾರು 3200 ವರ್ಷ ಹಳೆಯ ಹಡಗೊಂದನ್ನು ಅವರು ಅಗೆದರು. ಅದಕ್ಕೆ ಮೊದಲು ಪುರಾತತ್ವದವರು ದೋಣಿಯ ಮೇಲೆ ಕೂತಿರುತ್ತಿದ್ದರು. ಮುಳುಗುಗಾರರು ಕೆಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತರುತ್ತಿದ್ದರು. ಬಾಸ್ ಆಗ ಇನ್ನೂ ವಿದ್ಯಾರ್ಥಿ. ಅಮೆರಿಕದಲ್ಲಿ ಒಂದು ಈಜುಕೊಳದಲ್ಲಿ ಮುಳುಗುವುದನ್ನು ಕಲಿತು ತಾವೇ ಇಳಿದರು. ನೆಲದ ಮೇಲೆ ಹೇಗೆ ಅಳತೆ ಮಾಡಿ, ಚಿತ್ರ ಬರೆದು ಅಗೆಯುತ್ತಾರೋ ನೀರಿನ ಕೆಳಗೂ ಹಾಗೆಯೇ ಅಗೆಯಬಹುದು ಎಂದು ತೋರಿಸಿದರು.

ಅವರದೇ ಇನ್ನೊಂದು ಕೆಲಸ ಉಲುಬುರುನ್. ಇದೂ ಟರ್ಕಿಯ ತೀರ. 1982ರಲ್ಲಿ ಸ್ಪಂಜು ತೆಗೆಯುವ ಒಬ್ಬ ಯುವಕ "ಕಿವಿ ಇರುವ ಲೋಹದ ಬಿಸ್ಕತ್ತು" ನೋಡಿದೆ ಎಂದು ಬಂದು ಹೇಳಿದ. ಅದು ತಾಮ್ರದ ಗಟ್ಟಿ. ನಾಲ್ಕು ಮೂಲೆಯಲ್ಲಿ ಹಿಡಿ ಇರುವಂಥ ಆಕಾರ, ಹರಡಿದ ಎತ್ತಿನ ಚರ್ಮದ ಹಾಗೆ. ಹಡಗಿನಲ್ಲಿ ಹತ್ತು ಟನ್ ತಾಮ್ರ, ಒಂದು ಟನ್ ತವರ ಇತ್ತು. ಕಂಚು ಮಾಡಲು ಬೇಕಾದ ಲೆಕ್ಕವೂ ಹೆಚ್ಚುಕಡಿಮೆ ಅದೇ, ಹತ್ತಕ್ಕೆ ಒಂದು. ಗಾಜಿನ ಗಟ್ಟಿಗಳು, ಕರಿಮರದ ದಿಮ್ಮಿಗಳು, ಆನೆ ದಂತ, ಮರದ ಅಂಟು ತುಂಬಿದ ಜಾಡಿಗಳು. 1984ರಿಂದ 1994ರ ತನಕ, ಹನ್ನೊಂದು ಬೇಸಿಗೆ ಅಗೆದರು. ಒಟ್ಟು 22,413 ಸಲ ನೀರಿಗೆ ಇಳಿದಿದ್ದಾರೆ. ಒಂದು ಸಲಕ್ಕೆ ತಳದಲ್ಲಿ ಇಪ್ಪತ್ತು ನಿಮಿಷದಷ್ಟೇ ಕೆಲಸ. ಈ ಸಂಖ್ಯೆ ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ನನ್ನದು ಒಂದು ಬೇಸಿಗೆ, ಅವರದು ಹನ್ನೊಂದು.

ಅಲ್ಲಿ ಈಜಿಪ್ಟಿನ ನೆಫರ್ಟಿಟಿ ರಾಣಿಯ ಹೆಸರಿರುವ ಚಿನ್ನದ ಒಂದು ಪುಟ್ಟ ಮುದ್ರೆ ಸಿಕ್ಕಿತು. ಅಯ್ಯೋ, ರಾಣಿಯೇ ಕಳಿಸಿದ್ದಾ ಅಂತ ನನಗೆ ಅನ್ನಿಸಿತ್ತು. ಆದರೆ ಅದರ ಜೊತೆಗಿದ್ದದ್ದು ಕತ್ತರಿಸಿದ, ಮಡಚಿದ ಹಳೆ ಒಡವೆಯ ಚೂರುಗಳು. ಕರಗಿಸಲು ಇಟ್ಟ ಚಿನ್ನದ ಜೊತೆ ಈ ಮುದ್ರೆಯೂ ಹೋಗುತ್ತಿದ್ದಿರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಮುದ್ರೆಯನ್ನು ಮಾತ್ರ ಯಾರೋ ಎತ್ತಿಕೊಂಡು ಹೋಗಿದ್ದರೆ ಆ ಕಥೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಅವತ್ತಿನಿಂದ ನನ್ನ ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಒಂದು ಗೆರೆ ಎಳೆದು ಎರಡು ಭಾಗ ಮಾಡಿದ್ದೇನೆ. ಎಡಕ್ಕೆ "ಏನು ಸಿಕ್ಕಿತು". ಬಲಕ್ಕೆ "ಎಲ್ಲಿ, ಯಾವುದರ ಪಕ್ಕ". ಬಲಗಡೆ ಖಾಲಿ ಇದ್ದರೆ ಎಡಗಡೆಯ ವಸ್ತು ಎಷ್ಟೇ ಚೆಂದ ಇರಲಿ, ನಾನು ಜಾಸ್ತಿ ನಂಬುವುದಿಲ್ಲ.

ಈಗ ಹಂಚಿನ ವಿಷಯ. ಗೋವಾದ ಹತ್ತಿರ ಸೇಂಟ್ ಜಾರ್ಜ್ ರೀಫ್ ಎಂಬ ನೀರೊಳಗಿನ ಬಂಡೆಸಾಲಿನಲ್ಲಿ ಒಂದು ಹಡಗಿನ ಅವಶೇಷ ಇದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಅಲ್ಲಿ ಇಳಿದು ನೋಡಿದರು. ಸುಟ್ಟ ಮಣ್ಣಿನ ಕಂಬದ ತುಂಡುಗಳು, ಅದರ ತಲೆಗೆ ಇಡುವ ಎಲೆ ಕೆತ್ತನೆಯ ಭಾಗಗಳು, ಇಟ್ಟಿಗೆ, ಹಂಚು. ಹಂಚಿನ ಮೇಲೆ ಅಚ್ಚು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿಗಳ ಕಾರ್ಖಾನೆ, ನಮ್ಮ ಮಂಗಳೂರಿನದು!

ಓದಿದ ತಕ್ಷಣ ಹಟ್ಟಿಗೆ ಓಡಿದೆ. ಮಾಡಿನಿಂದ ತೆಗೆದು ಮೂಲೆಯಲ್ಲಿ ಒಟ್ಟಿದ ಹಳೆ ಹಂಚುಗಳಲ್ಲಿ ಬಾಸೆಲ್ ಮಿಷನ್ ಅಚ್ಚು ಇರುವುದೂ ಇದೆ. ಚಿಕ್ಕಂದಿನಿಂದ ಅದರ ಮೇಲೆ ಹತ್ತಿ ಆಡಿದ್ದೇನೆ, ಒಂದು ದಿನವೂ ಓದಿರಲಿಲ್ಲ. ಹಾಗಾದರೆ ಗೋವಾದ ಹಡಗು 1865ರಲ್ಲಿ ಮುಳುಗಿದ್ದು ಅಂತಾಯಿತು. ಇಷ್ಟು ನಿಖರವಾದ ವರ್ಷ ಸಿಕ್ಕಿದ್ದು ನನಗೆ ತುಂಬಾ ಖುಷಿ.

ಮುಂದೆ ಏನು ಓದಲಿ? ರಜೆ ಮುಗಿಯಲು ಇನ್ನು ಮೂರು ವಾರ ಇದೆ.

ನೀರೊಳಗೆ

ತಂಗಿ, ಬರಹ ತುಂಬಾ ಚೆನ್ನಾಗಿದೆ. ನಾನು ಮುರುಡೇಶ್ವರದ ಕಡೆ ಡೈವಿಂಗ್ ಕೆಲಸ ಮಾಡುವವನು. ನೇತ್ರಾಣಿಗೆ ಜನರನ್ನು ಕರೆದುಕೊಂಡು ಹೋಗುತ್ತೇನೆ. ಓದಿದ್ದರ ಜೊತೆ ಒಂದು ಮಾತು ಸೇರಿಸುತ್ತೇನೆ. ನೀವು ಹೇಳಿದ ಉಲುಬುರುನ್ 44 ಮೀಟರಿಗಿಂತ ಆಳ. ಆ ಆಳದಲ್ಲಿ ಉಸಿರಾಡುವ ಗಾಳಿಯಲ್ಲಿರುವ ನೈಟ್ರೋಜನ್ನೇ ಅಮಲು ಏರಿಸುತ್ತದೆ. ಬುದ್ಧಿ ನಿಧಾನ ಆಗುತ್ತದೆ. ಎರಡು ಅಂಕಿ ಕೂಡಿಸುವುದೂ ಕಷ್ಟ. ಮೇಲೆ ಬರುವಾಗ ಅವಸರ ಮಾಡಿದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ಅಲ್ಲಲ್ಲಿ ನಿಂತು ನಿಂತು ಬರಬೇಕು. ಗ್ರೀಸಿನ ಆಂಟಿಕಿಥೆರಾ ದ್ವೀಪದ ಹತ್ತಿರ ಮುಳುಗಿದ್ದ ಹಳೆ ಹಡಗಿನ ಕೆಲಸದಲ್ಲಿ, 1900-01ರಲ್ಲಿ, ಇದು ಸರಿಯಾಗಿ ಗೊತ್ತಿಲ್ಲದೆ ಒಬ್ಬ ಮುಳುಗುಗಾರ ಸತ್ತ, ಇಬ್ಬರಿಗೆ ಲಕ್ವಾ ಹೊಡೆಯಿತು. ಅಲ್ಲಿ ಸಿಕ್ಕ ಹಲ್ಲಿನ ಚಕ್ರಗಳ ಯಂತ್ರದ ಫೋಟೊ ಎಲ್ಲರೂ ನೋಡಿರುತ್ತಾರೆ. ಅದನ್ನು ಮೇಲೆ ತಂದವರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಓದುವುದರ ಜೊತೆ ಈಜು ಗಟ್ಟಿ ಮಾಡಿಕೊಳ್ಳಿ. ಓಪನ್ ವಾಟರ್ ಕೋರ್ಸ್ ಮಾಡಿದರೆ 18 ಮೀಟರ್ ತನಕ ಇಳಿಯಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಆಗುವುದಿಲ್ಲ, ಅಕ್ಟೋಬರ್ ಮೇಲೆ ಬನ್ನಿ.

ಜೆಪ್ಪು

ಮಗಳೇ, ನನಗೆ ಎಪ್ಪತ್ತು ದಾಟಿದೆ. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಹಂಚು ಓದಿದ್ದಕ್ಕೆ ನಿನಗೆ ಒಂದು ಶಹಬ್ಬಾಸ್. ಆದರೆ ವರ್ಷದ ಲೆಕ್ಕ ತಪ್ಪಿದ್ದೀಯ.

1865 ಎಂದರೆ ಕಾರ್ಖಾನೆ ಶುರುವಾದ ವರ್ಷ. ಆ ಹಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ, ನೇತ್ರಾವತಿ ಹತ್ತಿರ, ಆ ವರ್ಷ ಹಂಚಿನ ಕೆಲಸ ಶುರು ಮಾಡಿದರು. ಅಂಗಡಿ ಬೋರ್ಡಿನ ಮೇಲೆ "ಸ್ಥಾಪನೆ" ಅಂತ ಬರೆದ ಹಾಗೆ ಅಚ್ಚಿನಲ್ಲಿ ಅದೇ ವರ್ಷ ಉಳಿಯಿತು. ಆಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ ಹಂಚಿನ ಮೇಲೆ 1868 ಇರುತ್ತದೆ. ನೂರು ವರ್ಷ ಕಳೆದು ಸುಟ್ಟದ್ದರಲ್ಲೂ 1868 ಇದ್ದರೆ ಆಶ್ಚರ್ಯ ಪಡಬೇಡ.

ಹಾಗಾಗಿ ಹಡಗು 1865ಕ್ಕಿಂತ ಹಿಂದೆ ಮುಳುಗಿಲ್ಲ ಎಂದು ಮಾತ್ರ ಹೇಳಬಹುದು. ಇನ್ನೊಂದು ತುದಿಯೂ ಇದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಮಿಷನ್ನಿನ ಕಾರ್ಖಾನೆಗಳು ಅವರ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಂಚಿನ ಮೇಲಿನ ಹೆಸರೂ ಬದಲಾಯಿತು. ಆದ್ದರಿಂದ ಬಾಸೆಲ್ ಹೆಸರಿನ ಹೊಸ ಹಂಚು ಲೋಡು ಮಾಡಿಕೊಂಡು ಹೊರಟ ಹಡಗು ಎಂದರೆ ಈ ಎರಡರ ನಡುವೆ ಹೊರಟದ್ದು. ಸುಮಾರು ಐವತ್ತು ವರ್ಷದ ಕಿಟಕಿ.

ನಿನ್ನ ಅಜ್ಜಿ ಮನೆ ಹಂಚಿಗೂ ಇದೇ ಲೆಕ್ಕ.

ಹಂಚಿನಮನೆ

ಅಜ್ಜಾ, ತುಂಬಾ ಥ್ಯಾಂಕ್ಸ್. ನೋಟ್‌ಬುಕ್ಕಿನಲ್ಲಿ 1865 ಹೊಡೆದು ಹಾಕಿ "1865ರ ನಂತರ" ಎಂದು ಬರೆದೆ. ನನಗೆ ಬೇಸರ ಆಗಲಿಲ್ಲ. ಒಂದು ವರ್ಷ ಹೋಗಿ ಐವತ್ತು ವರ್ಷ ಬಂತು, ಆದರೆ ಈಗ ಅದು ನಿಜ.

ಇನ್ನೊಂದು ಯೋಚನೆ ಬಂತು. ಹಡಗಿನ ಹಂಚಿನ ಮೇಲೆ ಹೊಗೆಯ ಮಸಿ, ಗಾರೆ ಇದ್ದರೆ ಬಿಚ್ಚಿದ ಹಳೆ ಮನೆಯ ಹಂಚು. ಇಲ್ಲದಿದ್ದರೆ ಹೊಸದು. ಇದನ್ನೂ ನೋಡಬೇಕಲ್ವಾ?

ಜೆಪ್ಪು

ನೋಡಬೇಕು. ನೀನು ಸರಿಯಾದ ದಾರಿಯಲ್ಲೇ ಇದ್ದೀಯ.

ಶಿಕಾರಿಪುರದವ

ಎಲ್ಲ ಓದಿದೆ. ಟರ್ಕಿ ಆಯಿತು, ಗ್ರೀಸ್ ಆಯಿತು. ದ್ವಾರಕೆಯ ಬಗ್ಗೆ ಒಂದು ಸಾಲೂ ಇಲ್ಲವಲ್ಲ? ಭಾರತದಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದ್ದೇ ನಮ್ಮವರು. ಎಸ್. ಆರ್. ರಾವ್ ಎಂದರೆ ಶಿಕಾರಿಪುರ ರಂಗನಾಥ ರಾವ್. ಹೆಸರಲ್ಲೇ ಊರಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. 1954ರಲ್ಲಿ ಗುಜರಾತಿನ ಲೋಥಲ್ ಎಂಬ ಹರಪ್ಪ ಕಾಲದ ಊರನ್ನು ಗುರುತಿಸಿದವರು. 1981ರಲ್ಲಿ ಗೋವಾದ ಅದೇ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಮುದ್ರ ಪುರಾತತ್ವದ ಕೆಲಸ ಶುರುವಾದದ್ದು ಅವರ ಕೈಯಲ್ಲಿ. ಅರವತ್ತರ ಹತ್ತಿರದ ವಯಸ್ಸಿನಲ್ಲಿ ಹೊಸ ವಿಷಯಕ್ಕೆ ಕೈಹಾಕಿದರು. ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಡವೇ?

ಹಂಚಿನಮನೆ

ಸರ್, ನಿಮ್ಮ ಮಾತು ಒಪ್ಪುತ್ತೇನೆ. ದ್ವಾರಕೆಗೆ ನನ್ನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ ಇದೆ. ಬರೆಯಲು ಹಿಂಜರಿದದ್ದು ನಿಜ, ಯಾಕೆಂದರೆ ಈ ವಿಷಯಕ್ಕೆ ಜನ ಬೇಗ ಜಗಳಕ್ಕೆ ಇಳಿಯುತ್ತಾರೆ. ನಾವು ಜಗಳ ಮಾಡುವುದು ಬೇಡ.

ರಾವ್ ಅವರ ಕೆಲಸದ ಬಗ್ಗೆ ನನಗೆ ಇರುವುದು ಗೌರವ ಮಾತ್ರ. 1983ರಿಂದ ದ್ವಾರಕೆಯಲ್ಲಿ ತಂಡ ಕಟ್ಟಿಕೊಂಡು ನೀರಿಗೆ ಇಳಿಸಿದರು. ಅಲೆ ಹೊಡೆತದ ಜಾಗ, ಕಾಣುವುದೂ ಕಡಿಮೆ. ಕತ್ತರಿಸಿದ ದೊಡ್ಡ ಕಲ್ಲುಗಳು, ಕಟ್ಟಡದ ಭಾಗಗಳು, ರಾಶಿ ಕಲ್ಲಿನ ಲಂಗರುಗಳು ಸಿಕ್ಕವು. ಲಂಗರು ತ್ರಿಕೋನ ಆಕಾರ, ಮೂರು ತೂತು. ಮೇಲಿನ ದುಂಡು ತೂತಿಗೆ ಹಗ್ಗ. ಕೆಳಗಿನ ಎರಡು ಚೌಕ ತೂತಿಗೆ ಮರದ ಗೂಟ, ತಳದ ಮಣ್ಣಿಗೆ ಕಚ್ಚಿಕೊಳ್ಳಲು. ಇದೇ ಕೃಷ್ಣನ ದ್ವಾರಕೆ ಎಂದು ರಾವ್ ಅವರು ಹೇಳಿದರು. ಪಕ್ಕದ ಬೇಟ್ ದ್ವಾರಕೆಯಲ್ಲಿ ಶಂಖದಲ್ಲಿ ಕೊರೆದ ಒಂದು ಮುದ್ರೆ ಸಿಕ್ಕಿತು, ಮೂರು ತಲೆಯ ಪ್ರಾಣಿ ಇರುವುದು. ಅದು ಹರಪ್ಪ ಕಾಲದ ಕೊನೆಯ ಹಂತಕ್ಕೆ ಹೊಂದುತ್ತದೆ.

ಆದರೆ ನನಗೆ ಕಷ್ಟ ಆದದ್ದು ಇಲ್ಲಿ. ಕಲ್ಲು ಎಷ್ಟು ಹಳೆಯದು ಎಂದು ಕಾರ್ಬನ್ ಪರೀಕ್ಷೆಯಿಂದ ಹೇಳಲು ಆಗುವುದಿಲ್ಲ. ಅದಕ್ಕೆ ಮರವೋ ಇದ್ದಿಲೋ ಬೇಕು, ಅದೂ ಕಲ್ಲಿನ ಜೊತೆಗೇ ಸಿಕ್ಕಿರಬೇಕು. ಮೂರು ತೂತಿನ ಲಂಗರನ್ನು ಎಷ್ಟೋ ಶತಮಾನ ಬಳಸಿದ್ದಾರೆ. ರಾವ್ ಅವರ ನಂತರ ಅದೇ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದವರು ದ್ವಾರಕೆಯ ನೀರೊಳಗಿನ ರಚನೆಗಳೂ ಲಂಗರುಗಳೂ ಬಹಳ ಈಚಿನವು, ಒಂದು ದೊಡ್ಡ ಬಂದರಿನವು ಎಂದು ಬರೆದರು. ಗುರುಗಳು ಹೇಳಿದ್ದನ್ನು ಶಿಷ್ಯರು ಮತ್ತೆ ಇಳಿದು ನೋಡಿ ಬೇರೆ ಹೇಳಿದರು. ನನಗೆ ಇದು ಅವಮಾನ ಅಂತ ಅನ್ನಿಸುವುದಿಲ್ಲ. ಅವರಿಗೆ ಇಳಿಯಲು ಕಲಿಸಿದ್ದು ರಾವ್ ಅವರೇ ಅಲ್ವಾ? 2025ರ ಫೆಬ್ರವರಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ತಂಡ ಮತ್ತೆ ಅಲ್ಲಿ ಇಳಿದಿದೆ.

ಗುಜರಾತಿನ ಖಂಭಾತ್ ಕೊಲ್ಲಿಯ ವಿಷಯ ಮಾತ್ರ ನಾನು ಒಪ್ಪುವುದಿಲ್ಲ. 2001ರಲ್ಲಿ ಅಲ್ಲಿ ಮುಳುಗಿದ ನಗರ ಇದೆ ಎಂದು ದೊಡ್ಡ ಸುದ್ದಿ ಆಯಿತು. ಒಂದು ಮರದ ತುಂಡು 9500 ವರ್ಷ ಹಳೆಯದು ಎಂದರು. ಆದರೆ ವಸ್ತುಗಳನ್ನು ತಳದಿಂದ ಬಾಚಿ ಎತ್ತಿದ್ದು. ಆ ಕೊಲ್ಲಿಯಲ್ಲಿ ಸೆಳೆತ ಎಷ್ಟು ಜೋರು ಎಂದರೆ ಎಲ್ಲಿಯದೋ ಮರ ಎಲ್ಲಿಗೋ ಬಂದು ಬೀಳುತ್ತದೆ. ನನ್ನ ಪುಟದಲ್ಲಿ ಬಲಗಡೆ ಪೂರ್ತಿ ಖಾಲಿ.

ಶಿಕಾರಿಪುರದವ

ಇಷ್ಟು ಓದಿ ಬರೆದಿದ್ದಕ್ಕೆ ಸಂತೋಷವಾಯಿತಮ್ಮ. ನನ್ನ ನಂಬಿಕೆ ನನ್ನದು, ಅದು ಹಾಗೇ ಇರುತ್ತದೆ. ಆದರೆ ಆ ಹದಿನಾಲ್ಕು ಪುಟ ಕನ್ನಡದಲ್ಲಿ ಒಂದು ಲೇಖನ ಆಗಬೇಕು. ನನ್ನ ಮೊಮ್ಮಗನಿಗೆ ಓದಿಸುತ್ತೇನೆ.

ಮೇಷ್ಟ್ರು ರಸಾಯನ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಎಲ್ಲರೂ ಸಿಕ್ಕಿದ್ದರ ಬಗ್ಗೆ ಮಾತಾಡುತ್ತಿದ್ದೀರಿ. ಮೇಲೆ ತಂದ ಮೇಲೆ ಏನಾಗುತ್ತದೆ? ಅಲ್ಲೇ ನಿಜವಾದ ಕಷ್ಟ.

ನೂರಾರು ವರ್ಷ ನೀರಿನಲ್ಲಿದ್ದ ಮರ ನೋಡಲು ಗಟ್ಟಿ. ಒಳಗೆ ಅದರ ತಿರುಳು ಕರಗಿ ಹೋಗಿರುತ್ತದೆ. ಅದರ ಜಾಗದಲ್ಲಿ ನೀರು ತುಂಬಿ ಆಕಾರ ಹಿಡಿದಿಟ್ಟಿರುತ್ತದೆ. ಬಿಸಿಲಿಗೆ ಇಟ್ಟರೆ ನೀರು ಆರಿ ಮರ ಸುಕ್ಕಾಗಿ, ಬಿರಿದು, ಪುಡಿಯಾಗುತ್ತದೆ. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮೊದಲ ಪ್ರಯಾಣದ ದಿನವೇ, ಬಂದರು ದಾಟುವ ಮೊದಲೇ ಮುಳುಗಿತು. 1961ರಲ್ಲಿ ಎತ್ತಿದರು. ಎತ್ತಿದ ಮೇಲೆ 17 ವರ್ಷ ಅದರ ಮೇಲೆ ಪಾಲಿ ಎಥಿಲೀನ್ ಗ್ಲೈಕಾಲ್ ಸಿಂಪಡಿಸಿದರು. ಮೇಣದಂಥ ವಸ್ತು, ನಿಧಾನವಾಗಿ ಒಳಗೆ ಹೋಗಿ ನೀರಿನ ಜಾಗ ತುಂಬುತ್ತದೆ. ಇಂಗ್ಲೆಂಡಿನ ಮೇರಿ ರೋಸ್ ಹಡಗನ್ನು 1982ರಲ್ಲಿ ಎತ್ತಿದರು, ಸಿಂಪಡಿಸುವುದು ನಿಂತದ್ದು 2013ರಲ್ಲಿ. ಅಷ್ಟಾದರೂ ಮುಗಿಯಲಿಲ್ಲ. ವಾಸಾದ ಮರದಲ್ಲಿ ಬಂದರಿನ ಕೊಳಕು ನೀರಿನ ಗಂಧಕ ಸೇರಿಕೊಂಡಿತ್ತು. ಕಬ್ಬಿಣದ ಮೊಳೆ ಜೊತೆಗಿದ್ದು, ಗಾಳಿ ತಗುಲಿ, ಆ ಗಂಧಕ ಆಮ್ಲ ಆಗತೊಡಗಿತು. ಇಂದಿಗೂ ಅದಕ್ಕೆ ಕಾವಲು ಕಾಯುತ್ತಿದ್ದಾರೆ.

ಮಣ್ಣಿನ ವಸ್ತುವಿಗೆ ಉಪ್ಪಿನ ಕಾಟ. ಇದನ್ನು ನೀವು ಮನೆಯಲ್ಲೇ ನೋಡಬಹುದು. ಒಡೆದ ಹಂಚಿನ ಚೂರು ತೆಗೆದುಕೊಳ್ಳಿ. ಅಜ್ಜಿಯ ಅಚ್ಚಿನ ಹಂಚು ಬೇಡ, ಅಚ್ಚಿಲ್ಲದ್ದು. ಗಟ್ಟಿ ಉಪ್ಪುನೀರಿನಲ್ಲಿ ಒಂದು ವಾರ ಇಟ್ಟು ಹೊರಗೆ ಒಣಗಿಸಿ. ಮತ್ತೆ ನೆನೆಸಿ, ಮತ್ತೆ ಒಣಗಿಸಿ. ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಒಳಗಿನಿಂದ ತಳ್ಳುತ್ತದೆ, ಪದರ ಏಳುತ್ತದೆ. ಅದಕ್ಕೇ ಸಮುದ್ರದ ಮಡಕೆಯನ್ನು ಒಣಗಲು ಬಿಡದೆ ಸಿಹಿನೀರಿನಲ್ಲಿಟ್ಟು, ನೀರು ಬದಲಿಸುತ್ತಾ ತಿಂಗಳುಗಟ್ಟಲೆ ಉಪ್ಪು ಬಿಡಿಸುತ್ತಾರೆ.

ಪಚ್ಚಿಲೆ

ನಮಸ್ಕಾರ. ಮಲ್ಪೆಯವನು. ಮನೆಯಲ್ಲಿ ಎಲ್ಲರೂ ಮೀನುಗಾರರು. ನಾನು ಓದಿ ಬೇರೆ ಕೆಲಸಕ್ಕೆ ಹೋದೆ. ಮೇಷ್ಟ್ರು ಬರೆದದ್ದು ಓದಿ ಎದೆ ಧಸಕ್ ಎಂದಿತು.

ನಮ್ಮ ಅಪ್ಪನ ಬೋಟಿನ ಬಲೆಗೆ, ಸುಮಾರು ಮೂವತ್ತು ವರ್ಷದ ಹಿಂದೆ, ಒಂದು ದೊಡ್ಡ ಜಾಡಿಯ ಕುತ್ತಿಗೆ ಸಿಕ್ಕಿತ್ತು. ದಪ್ಪ, ಒಳಗೆ ಕಂದು ಬಣ್ಣದ ಮಿರುಗು. ಅಮ್ಮ ಅದನ್ನು ತುಳಸಿಕಟ್ಟೆಯ ಹತ್ತಿರ ಇಟ್ಟಿದ್ದರು. ವರ್ಷಾ ವರ್ಷಾ ಸಿಪ್ಪೆ ಏಳುತ್ತಿತ್ತು. ಈಗ ಅಂಗೈಯಷ್ಟು ತುಂಡು ಉಳಿದಿದೆ. ನಾವು ಬಿಸಿಲು, ಮಳೆ ಅಂದುಕೊಂಡಿದ್ದೆವು. ಉಪ್ಪು ಅಂತ ಗೊತ್ತಿರಲಿಲ್ಲ.

ಇಂಥದ್ದು ಬಲೆಗೆ ಬರುವುದು ಹೊಸದೇನಲ್ಲ. ಒಡೆದದ್ದು ಬಂದರೆ ಬಲೆ ಹರಿಯುತ್ತದೆ ಎಂದು ವಾಪಸ್ ಎಸೆಯುತ್ತಾರೆ. ಯಾರಿಗೆ ಹೇಳಬೇಕು, ಹೇಳಿದರೆ ಏನು ಪಂಚಾಯ್ತಿಕೆ ಬರುತ್ತದೋ ಎಂಬ ಭಯ. ತಂಗಿ, ನಾವು ತಪ್ಪು ಮಾಡಿದೆವಾ?

ಹಂಚಿನಮನೆ

ಅಣ್ಣಾ, ಖಂಡಿತ ಇಲ್ಲ. ನಿಮ್ಮ ಮಾತಿಗೆ ನಾನು ಎರಡು ತಿಂಗಳಿಂದ ಕಾಯುತ್ತಿದ್ದೆ ಅನ್ನಿಸುತ್ತಿದೆ.

ನನ್ನ ಪಟ್ಟಿ ನೋಡಿ. ಆಂಟಿಕಿಥೆರಾ ಸಿಕ್ಕಿದ್ದು ಸ್ಪಂಜು ತೆಗೆಯುವವರಿಗೆ. ಗೆಲಿಡೋನ್ಯಾ, ಉಲುಬುರುನ್ ಕೂಡ ಸ್ಪಂಜಿನವರಿಗೆ. ಇಂಡೋನೇಷ್ಯಾದ ಬೆಲಿಟುಂಗ್ ಹಡಗು, 1998ರಲ್ಲಿ, ಸಮುದ್ರಸೌತೆ ಹುಡುಕುವವರಿಗೆ. ಶ್ರೀಲಂಕಾದ ಗೊಡವಾಯ, ಹಿಂದೂ ಮಹಾಸಾಗರದಲ್ಲಿ ಇದುವರೆಗೆ ಸಿಕ್ಕಿದ್ದರಲ್ಲೇ ತುಂಬಾ ಹಳೆಯದು ಎನ್ನುವ ಹಡಗು, ಶಂಖ ತೆಗೆಯುವವರಿಗೆ. ದೊಡ್ಡ ವಿಶ್ವವಿದ್ಯಾಲಯದವರು ಬಂದದ್ದು ಆಮೇಲೆ. ಟರ್ಕಿಯಲ್ಲಿ ಬಾಸ್ ಅವರ ಸಂಸ್ಥೆಯವರು ಸ್ಪಂಜಿನ ಹಳ್ಳಿಗಳಿಗೆ ಹೋಗಿ, ತಾಮ್ರದ ಗಟ್ಟಿಯ ಚಿತ್ರ ತೋರಿಸಿ, ಇಂಥದ್ದು ಕಂಡರೆ ಹೇಳಿ ಎಂದು ಕೇಳಿದ್ದರು. ಅದಕ್ಕೇ ಆ ಹುಡುಗನ ಬಿಸ್ಕತ್ತಿನ ಮಾತು ಅವರಿಗೆ ತಕ್ಷಣ ಅರ್ಥ ಆಯಿತು.

ನಮ್ಮ ಕರಾವಳಿಯಲ್ಲಿ ಯಾರಾದರೂ ಬಂದು ನಿಮ್ಮ ಅಪ್ಪನನ್ನು ಹಾಗೆ ಕೇಳಿದ್ದಾರಾ? ಕೇಳಬೇಕಿತ್ತು. ನನಗೆ ಈ ವಿಷಯದಲ್ಲಿ ನಿಜವಾಗಿ ದುಃಖ ಇದೆ.

ಜಾಡಿಯ ತುಂಡಿನ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಎಲ್ಲಿ ಸಿಕ್ಕಿತು ಎಂದು ಅಪ್ಪನಿಗೆ ನೆನಪಿದೆಯಾ?

ನೀರೊಳಗೆ

ಪಚ್ಚಿಲೆ ಅಣ್ಣಾ, ಈಗಿನ ಟ್ರಾಲ್ ಬೋಟುಗಳಲ್ಲಿ ಬಲೆ ಸಿಕ್ಕಿಕೊಳ್ಳುವ ಕಲ್ಲುಗಳನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿಕೊಳ್ಳುತ್ತಾರಲ್ಲ, ಆ ಗುರುತುಗಳಲ್ಲಿ ಎಲ್ಲವೂ ಕಲ್ಲೇ ಅಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಪಚ್ಚಿಲೆ

ಅದು ಸರಿ. ಅಪ್ಪನ ಕಾಲದಲ್ಲಿ ಜಿಪಿಎಸ್ ಇರಲಿಲ್ಲ. ಆದರೆ ಅವರದ್ದೇ ಗುರುತು ಇತ್ತು. ದೀಪಸ್ತಂಭ ಯಾವ ಗುಡ್ಡದ ನೇರಕ್ಕೆ ಬಂತು, ಯಾವ ದ್ವೀಪ ಎಷ್ಟು ತೆರೆದು ಕಂಡಿತು, ನೀರು ಎಷ್ಟು ಮಾರು. ಇವತ್ತು ರಾತ್ರಿ ಕೇಳುತ್ತೇನೆ.

ಹಡಗಿನ ಮರದ ಮಾತು ಬಂತಲ್ಲ. ನಮ್ಮ ಅಜ್ಜ ದೋಣಿಗೆ ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿದ್ದರು, ಹುಳ ಕೊರೆಯಬಾರದು ಎಂದು. ಆ ಹುಳ ಮುಳುಗಿದ ಹಡಗನ್ನೂ ತಿನ್ನುತ್ತದಾ?

ಮೇಷ್ಟ್ರು ರಸಾಯನ

ಅದೇ ಹುಳ. ಟೆರೆಡೊ ಎನ್ನುತ್ತಾರೆ. ನಿಜವಾಗಿ ಅದು ಹುಳ ಅಲ್ಲ, ನಿಮ್ಮ ಹೆಸರಿನ ಪಚ್ಚಿಲೆಯ ದೂರದ ನೆಂಟ, ಚಿಪ್ಪಿನ ಜಾತಿ. ಬಾಲ್ಟಿಕ್ ಸಮುದ್ರದ ಸಪ್ಪೆ ನೀರು ಅದಕ್ಕೆ ಆಗದು, ಅದಕ್ಕೆ ವಾಸಾ ಇಡಿಯಾಗಿ ಉಳಿಯಿತು. ನಮ್ಮ ಅರಬ್ಬಿ ಸಮುದ್ರದಲ್ಲಿ ಮರಳಿನ ಕೆಳಗೋ ಸರಕಿನ ಕೆಳಗೋ ಹೂತ ಮರ ಮಾತ್ರ ಉಳಿದೀತು. ಉಲುಬುರುನ್‌ನಲ್ಲೂ ತಾಮ್ರದ ಗಟ್ಟಿಗಳ ಕೆಳಗೆ ಸಿಕ್ಕಿಬಿದ್ದ ಸ್ವಲ್ಪ ಮರವಷ್ಟೇ ಉಳಿದದ್ದು.

ದೂರದೂರು

ಲಂಡನ್ನಿನಿಂದ. ಮೂಲ ಹೊನ್ನಾವರ. ಹಂಚಿನ ಕಥೆ ಓದಿ ನನಗೆ ಒಂದು ಹಡಗಿನ ಹೆಸರು ನೆನಪಾಯಿತು. ಎಸ್‌ಎಸ್ ಗೇರುಸೊಪ್ಪ. ಹೌದು, ನಮ್ಮ ಗೇರುಸೊಪ್ಪೆಯೇ. ಬ್ರಿಟಿಷ್ ಇಂಡಿಯಾ ಕಂಪನಿಯ ಸರಕು ಹಡಗು. 1940ರ ಡಿಸೆಂಬರಿನಲ್ಲಿ ಕಲ್ಕತ್ತೆಯಿಂದ ಬೆಳ್ಳಿ, ಕಬ್ಬಿಣ, ಚಹಾ ತುಂಬಿಕೊಂಡು ಹೊರಟಿತು. 1941ರ ಫೆಬ್ರವರಿಯಲ್ಲಿ ಐರ್ಲೆಂಡಿನ ಹತ್ತಿರ ಜರ್ಮನಿಯ ಜಲಾಂತರ್ಗಾಮಿ ಅದನ್ನು ಹೊಡೆದು ಮುಳುಗಿಸಿತು. ಬದುಕಿ ದಡ ಸೇರಿದ್ದು ಒಬ್ಬರೇ ಒಬ್ಬ ಅಧಿಕಾರಿ. ಸತ್ತವರಲ್ಲಿ ಹೆಚ್ಚಿನವರು ಭಾರತದ ಲಸ್ಕರರು, ಅಂದರೆ ಹಡಗಿನ ಕೆಲಸಗಾರರು.

ಸುಮಾರು 4,700 ಮೀಟರ್ ಆಳದಿಂದ, 2012 ಮತ್ತು 2013ರಲ್ಲಿ ಒಂದು ಅಮೆರಿಕನ್ ಕಂಪನಿ ಯಂತ್ರ ಇಳಿಸಿ ನೂರು ಟನ್ನಿಗೂ ಹೆಚ್ಚು ಬೆಳ್ಳಿ ತೆಗೆಯಿತು. ಪತ್ರಿಕೆಗಳೆಲ್ಲ ಬೆಳ್ಳಿಯದೇ ಸುದ್ದಿ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅಂಚೆ ಚೀಲಗಳ ರಾಶಿಯ ಒಳಗೆ ಸುಮಾರು 700 ಕಾಗದಗಳು ಉಳಿದಿದ್ದವು. ಎಪ್ಪತ್ತು ವರ್ಷ ನೀರಿನ ಕೆಳಗೆ! ಬೆಳಕಿಲ್ಲ, ಗಾಳಿ ಇಲ್ಲ, ಕೊರೆಯುವ ಚಳಿ. ಚೀಲದ ಮೇಲೆ ಚೀಲ ಬಿದ್ದು ಒತ್ತಿಕೊಂಡು ಉಳಿದವು. ಅವುಗಳಲ್ಲಿ ಕೆಲವನ್ನು 2018ರಲ್ಲಿ ಇಲ್ಲಿನ ಅಂಚೆ ಮ್ಯೂಸಿಯಂನಲ್ಲಿ ಇಟ್ಟಿದ್ದರು. ಇಂಡಿಯಾದಲ್ಲಿದ್ದ ಸೈನಿಕರು ಮನೆಗೆ ಬರೆದದ್ದು. ತಲುಪದ ಕಾಗದಗಳು.

ತಂಗಿ, ನಿನ್ನ ಎರಡು ಭಾಗದ ಪುಟದಲ್ಲಿ ಬೆಳ್ಳಿ ಎಲ್ಲಿ ಬರುತ್ತದೆ?

ಹಂಚಿನಮನೆ

ಅಕ್ಕಾ, ಕಾಗದಗಳ ಭಾಗ ಎರಡು ಸಲ ಓದಿದೆ.

ನನ್ನ ಉತ್ತರ ಇದು. 2001ರ ಯುನೆಸ್ಕೊ ಒಪ್ಪಂದದಲ್ಲಿ, ಕನಿಷ್ಠ ನೂರು ವರ್ಷ ನೀರಿನಲ್ಲಿದ್ದದ್ದನ್ನು ಮೊದಲು ಇದ್ದಲ್ಲೇ ಕಾಪಾಡಲು ನೋಡಬೇಕು, ವ್ಯಾಪಾರಕ್ಕಾಗಿ ತೆಗೆಯಬಾರದು ಎಂದಿದೆ. ಗೇರುಸೊಪ್ಪ ಹಡಗಿಗೆ ಇನ್ನೂ ನೂರು ಆಗಿಲ್ಲ. ಆದರೆ ಅಲ್ಲಿ ಅಷ್ಟು ಜನ ಸತ್ತಿದ್ದಾರೆ. ಬೆಳ್ಳಿಗಾಗಿ ಇಳಿದದ್ದು ನನಗೆ ಸರಿ ಅನ್ನಿಸುವುದಿಲ್ಲ. ಹಾಗಂತ ಇಳಿಯದೇ ಇದ್ದಿದ್ದರೆ ಕಾಗದ ಸಿಗುತ್ತಿರಲಿಲ್ಲ. ಇದು ನನ್ನನ್ನು ಕಾಡುತ್ತದೆ. ಬೆಲಿಟುಂಗ್‌ನದ್ದೂ ಹೀಗೇ. ಸುಮಾರು 60,000 ಪಿಂಗಾಣಿ, ಮಣ್ಣಿನ ವಸ್ತುಗಳು, ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಸರಿಹೊಂದುವ ತಾರೀಕು. ತೆಗೆದದ್ದು ಕಂಪನಿ. ಆ ಕಾರಣಕ್ಕೆ ವಾಷಿಂಗ್ಟನ್ನಿನಲ್ಲಿ 2012ಕ್ಕೆ ಆಗಬೇಕಿದ್ದ ಪ್ರದರ್ಶನ ನಿಂತುಹೋಯಿತು. ನಿಲ್ಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಹಿನ್ನೀರು

ಇಷ್ಟು ದಿನ ಓದುತ್ತಿದ್ದೆ, ಬರೆಯಲು ಧೈರ್ಯ ಇರಲಿಲ್ಲ. ನಮ್ಮದು ಸಾಗರ ತಾಲ್ಲೂಕು. ಲಿಂಗನಮಕ್ಕಿ ಆದಾಗ, 1964ರಲ್ಲಿ, ನಮ್ಮ ಅಜ್ಜನ ಮನೆ, ತೋಟ, ದೇವಸ್ಥಾನ ಎಲ್ಲ ಮುಳುಗಡೆ ಆಯಿತು. ಅದೇ ನೀರಿನಲ್ಲಿ ಹಳೆಯ ಮಡೆನೂರು ಅಣೆಕಟ್ಟೂ ಮುಳುಗಿದೆ, 1948ರದ್ದು. ಕಟ್ಟಿ ಹದಿನಾರೇ ವರ್ಷ. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಪ್ಪ ಮಾತ್ರ ಬರುವುದಿಲ್ಲ.

ಇದೂ ನೀರೊಳಗಿನ ಪುರಾತತ್ವವೇ? ಅಥವಾ ನೂರು ವರ್ಷ ಆಗುವ ತನಕ ಕಾಯಬೇಕೇ?

ಹಂಚಿನಮನೆ

ಅಣ್ಣನೋ ಅಕ್ಕನೋ ಗೊತ್ತಿಲ್ಲ, ಕ್ಷಮಿಸಿ. ಕಾಯಬಾರದು. ಹಡಗಿನ ವಿಷಯದಲ್ಲಿ ಬಲಗಡೆಯ ಭಾಗವನ್ನು ಎಷ್ಟೋ ಜನ ವರ್ಷಗಟ್ಟಲೆ ಮುಳುಗಿ ತುಂಬಬೇಕು. ನಿಮ್ಮ ಊರಿನದ್ದನ್ನು ನಿಮ್ಮ ಅಪ್ಪ ಕೂತಲ್ಲೇ ಹೇಳಬಲ್ಲರು. ಬಾವಿ ಎಲ್ಲಿತ್ತು, ಕೊಟ್ಟಿಗೆ ಯಾವ ಕಡೆ, ತೋಟಕ್ಕೆ ಹೋಗುವ ದಾರಿ ಯಾರ ಮನೆ ಹಿಂದಿನಿಂದ. ಒಂದು ದೊಡ್ಡ ಹಾಳೆ ಕೊಟ್ಟು ಬರೆಯಲು ಹೇಳಿ. ನೋಡಲು ಬರದಿದ್ದರೂ ಬರೆದಾರು.

ಹಿನ್ನೀರು

ಕೇಳಿದೆ. ಮೊದಲು ಬೇಡ ಎಂದರು. ಆಮೇಲೆ ತಾವೇ ಪೆನ್ಸಿಲ್ ತೆಗೆದುಕೊಂಡು ಹೊಳೆ ಎಳೆದರು. ಮನೆಗಿಂತ ಮೊದಲು ಹೊಳೆ. ಇನ್ನೂ ಬರೆಯುತ್ತಿದ್ದಾರೆ.

ಪಚ್ಚಿಲೆ

ಅಪ್ಪನಿಗೆ ಎಲ್ಲ ನೆನಪಿದೆ! ಕಾಪು ದೀಪಸ್ತಂಭ [ನಿರ್ವಾಹಕರು ಅಳಿಸಿದ್ದಾರೆ]

ಹಂಚಿನಮನೆ

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ಅಳಿಸಲು ಕೇಳಿಕೊಂಡದ್ದು ನಾನೇ. ಜಾಗ ಎಲ್ಲರಿಗೂ ಗೊತ್ತಾದರೆ ನಿಧಿ ಹುಡುಕುವವರು ಮೊದಲು ಹೋಗುತ್ತಾರೆ. ಎಲ್ಲ ದೇಶದಲ್ಲೂ ಆದದ್ದು ಅದೇ. ಒಂದು ಕಾಗದದಲ್ಲಿ ಅಪ್ಪ ಹೇಳಿದ ಮಾತಿನಲ್ಲೇ ಬರೆದು, ತಾರೀಕು ಹಾಕಿ, ಜಾಡಿಯ ಫೋಟೊ ಜೊತೆ ಪುರಾತತ್ವ ಇಲಾಖೆಗೆ ಕೊಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಪತ್ರ ಬರೆಯಲು ನಾನು ಜೊತೆಗಿರುತ್ತೇನೆ.

ಪಚ್ಚಿಲೆ

ಬೇಜಾರೇನಿಲ್ಲ ತಂಗಿ. ಬರೆದಾಯಿತು. ಎರಡು ಗುರುತಿನ ನೇರ, ನೀರಿನ ಆಳ ಮಾರಿನಲ್ಲಿ, ತಳ ಕೆಸರೋ ಮರಳೋ, ಯಾವ ತಿಂಗಳು, ಬಲೆ ಯಾವುದು. ಅಪ್ಪ ಒಂದು ವಿಷಯ ಹೊಸದಾಗಿ ಹೇಳಿದರು. ಅವತ್ತು ಜಾಡಿ ಒಂದೇ ಬಂದದ್ದಲ್ಲ. ಬಲೆಯಲ್ಲಿ ಇನ್ನೂ ನಾಲ್ಕೈದು ಚೂರು ಇತ್ತಂತೆ, ಅದೇ ಬಣ್ಣದ್ದು. ಅದನ್ನು ಅಲ್ಲೇ ವಾಪಸ್ ಬಿಟ್ಟಿದ್ದಾರೆ.

ಹಂಚಿನಮನೆ

ಅಲ್ಲೇ ಅಂದರೆ, ಅದೇ ಜಾಗದಲ್ಲಾ?

ಪಚ್ಚಿಲೆ

ಬೋಟು ಅಲುಗಿಸಿರಲಿಲ್ಲ ಎನ್ನುತ್ತಾರೆ. ಅದನ್ನೂ ಬರೆದಿದ್ದೇನೆ.